ಹಡಗಿನ ಟಿಕೆಟ್ಟು, ದಡದ ಗುಲಾಬಿ ಚೀಟಿ

ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಡತಿ, ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದ ಗಂಡ. ಶಿವಮೊಗ್ಗದವರು. ಸಿಗಂದೂರಿನ ಲಾಂಚು ಬಿಟ್ಟರೆ ನೀರಿನ ಮೇಲೆ ಎಲ್ಲೂ ಹೋದವರಲ್ಲ. ಮದುವೆಯಾಗಿ 25 ವರ್ಷವಾಯಿತೆಂದು ಮಗಳು ಹಟ ಹಿಡಿದಳಂತೆ. ಸಿಂಗಪುರದವರೆಗೆ ವಿಮಾನ, ಅಲ್ಲಿಂದ ಪೆನಾಂಗ್, ಫುಕೆಟ್ ತೋರಿಸಿ ವಾಪಸು ತರುವ ಕ್ರೂಸ್ ಹಡಗು. ಫುಕೆಟ್‌ನ ಪಟೋಂಗ್ ಕಡಲತೀರದಲ್ಲಿ ಒಂದು ದೋಣಿ ಹತ್ತುವಾಗ ಹಲಗೆ ಜಾರಿತು, ಕೈ ಮುರಿಯಿತು.

"ಹಡಗಿನವರ ಮೇಲೆ ಕೇಸು ಹಾಕಬೇಕು ಸಾರ್" ಅಂದರು ಯಜಮಾನರು.

"ಹಾಕೋಣ. ಆ ದೋಣಿಯ ರಸೀದಿ ಕೊಡಿ" ಅಂದೆ.

ಕವರಿನ ತಳದಿಂದ ಒಂದು ಗುಲಾಬಿ ಬಣ್ಣದ ಚೀಟಿ ಬಂತು. ಥಾಯ್ ಲಿಪಿಯಲ್ಲಿ ಎರಡು ಸಾಲು, ಕೈಬರಹದಲ್ಲಿ ದುಡ್ಡಿನ ಮೊತ್ತ, ಅರ್ಧ ಅಳಿಸಿಹೋದ ಫೋನ್ ನಂಬರು. ಹಡಗಿನ ಹೆಸರಾಗಲಿ, ಇವರಿಗೆ ಪ್ರವಾಸ ಮಾರಿದ ಶಿವಮೊಗ್ಗದ ಏಜೆಂಟರ ಹೆಸರಾಗಲಿ ಅದರಲ್ಲಿ ಎಲ್ಲೂ ಇರಲಿಲ್ಲ. ಹಡಗಿನಲ್ಲೇ ಮಾರುವ ದ್ವೀಪಯಾನದ ದರ ದುಬಾರಿಯೆನಿಸಿ, ಇಳಿದ ಮೇಲೆ ಕಡಲತೀರದ ಕೊಡೆಯ ಕೆಳಗೆ ಕೂತವನ ಹತ್ತಿರ ಅರ್ಧ ಬೆಲೆಗೆ ಕೊಂಡಿದ್ದರು. ತಪ್ಪೇನೂ ಅಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಕಾನೂನಿನ ಕಣ್ಣಿಗೆ ಅವರು ಆ ಗಳಿಗೆಯಲ್ಲಿ ಹಡಗಿನ ಪ್ರಯಾಣಿಕರಾಗಿರಲಿಲ್ಲ, ಹೆಸರು ಗೊತ್ತಿಲ್ಲದ ದೋಣಿಯವನ ಗಿರಾಕಿಗಳಾಗಿದ್ದರು. ನಷ್ಟ ಪರಿಹಾರವನ್ನು ಕೇಳಬೇಕಾದದ್ದು ಸೇವೆ ಮಾರಿದವನ ಹತ್ತಿರ, ಅವನಿರುವ ಊರಿನಲ್ಲಿ, ಅಲ್ಲಿನ ಕಾನೂನಿನ ಪ್ರಕಾರ. ಮುರಿದ ಒಂದು ಕೈಗೆ ಥಾಯ್ಲೆಂಡಿನಲ್ಲಿ ವಕೀಲರನ್ನು ಇಡುವವರು ಯಾರು?

ಹಡಗಿನವರು ಮಾರುವ ದಡದ ಪ್ರವಾಸಗಳನ್ನೂ ನಡೆಸುವವರು ಬಹಳಷ್ಟು ಸಲ ಸ್ಥಳೀಯ ಗುತ್ತಿಗೆದಾರರೇ. "ನಾವು ಕೇವಲ ಮಧ್ಯವರ್ತಿಗಳು" ಎಂದು ಕಂಪನಿ ಷರತ್ತುಗಳಲ್ಲಿ ಬರೆದುಕೊಂಡಿರುತ್ತದೆ. ಆದರೂ ಹಣ ತೆಗೆದುಕೊಂಡವರು ಅವರು, ರಸೀದಿ ಅವರದು. ಯಾವ ಗುತ್ತಿಗೆದಾರನನ್ನು ಆರಿಸಿದಿರಿ, ಅವನ ದೋಣಿ ಹೇಗಿದೆಯೆಂದು ನೋಡಿದಿರಾ ಎಂದು ಅವರನ್ನು ಕೇಳಲು ಜಾಗವಿರುತ್ತದೆ. ಆ ಪ್ರವಾಸದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಹೊರುತ್ತದೆ. ಸ್ವಂತವಾಗಿ ಹೋದವರಿಗೆ ಅದಿಲ್ಲ.

ಕಾಯುವ ಮಾತು ಬಂದಾಗ ಯಜಮಾನರು ಇನ್ನೊಂದು ವಿಷಯ ಹೇಳಿದರು. ದೋಣಿಯವನು ನಾಲ್ಕೂವರೆಗೆ ದಡ ಮುಟ್ಟಿಸುವುದಾಗಿ ಮಾತು ಕೊಟ್ಟಿದ್ದ. ಹಡಗಿಗೆ ಮರಳುವ ಕೊನೆಯ ದೋಣಿ ಐದಕ್ಕೆ. ಅರ್ಧ ಗಂಟೆ ಕೈಯಲ್ಲಿದೆ ಎಂದುಕೊಂಡಿದ್ದರು. ಆದರೆ ಆ ಹಡಗು ಸಿಂಗಪುರದ ಸಮಯದಲ್ಲೇ ನಡೆಯುತ್ತಿತ್ತು, ಥಾಯ್ಲೆಂಡಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಹಿಂದೆ. ದಡದಲ್ಲಿ ಮೊಬೈಲು ತಾನಾಗಿಯೇ ಥಾಯ್ ಸಮಯಕ್ಕೆ ಬದಲಾಗಿತ್ತು. ಅಂದರೆ ಫೋನಿನಲ್ಲಿ ನಾಲ್ಕಾದಾಗಲೇ ಕೊನೆಯ ದೋಣಿ ಹೊರಟಿರುತ್ತಿತ್ತು. ಕೈ ಮುರಿದು ಮಧ್ಯಾಹ್ನವೇ ವಾಪಸಾದದ್ದರಿಂದ ಹಡಗು ಸಿಕ್ಕಿತು!

ತಪ್ಪಿದ್ದರೆ? ಮುಂದಿನ ಬಂದರಿಗೋ ಊರಿಗೋ ಹೋಗುವ ವಿಮಾನದ ಖರ್ಚು, ರಾತ್ರಿಯ ವಸತಿ, ಎಲ್ಲ ಸ್ವಂತ ಜೇಬಿನಿಂದ. ಕೆಲವು ಕ್ರೂಸ್‌ಗಳಲ್ಲಿ ವಲಸೆ ತಪಾಸಣೆಯ ಅನುಕೂಲಕ್ಕೆಂದು ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಕಾಯ್ದೆ 1967ರ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ತಾತ್ಕಾಲಿಕವಾಗಿ ಕೊಟ್ಟಾಗಲೂ ಅದರ ನಕಲು, ಹಡಗಿನ ಗುರುತಿನ ಕಾರ್ಡು, ಆ ದಿನದ ಕಾರ್ಯಕ್ರಮದ ಹಾಳೆ, ಈ ಮೂರನ್ನು ಜೇಬಿನಲ್ಲಿಟ್ಟುಕೊಂಡೇ ದಡಕ್ಕಿಳಿಯಿರಿ. ಆ ಹಾಳೆಯಲ್ಲಿ ಸಾಮಾನ್ಯವಾಗಿ ಬಂದರಿನಲ್ಲಿರುವ ಹಡಗಿನ ಏಜೆಂಟರ ನಂಬರು ಇರುತ್ತದೆ. ಪಾಸ್‌ಪೋರ್ಟೇ ಕಳೆದುಹೋದರೆ ಮೊದಲು ಸ್ಥಳೀಯ ಪೊಲೀಸರಿಗೆ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಅಲ್ಲಿ ಕೊಡುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳಲು ಮಾತ್ರ. ಅದನ್ನು ಹಿಡಿದು ಮತ್ತೆ ಹಡಗು ಹತ್ತಲಾಗದು. ಕಚೇರಿಯವರು ಸ್ಪಂದಿಸದಿದ್ದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಮರಳುವವರು ವೀಸಾ ಒಂದೇ ಸಲದ್ದೋ ಹಲವು ಸಲದ್ದೋ ಎಂದು ನೋಡಿಕೊಳ್ಳಬೇಕು. ಹಡಗು ಆ ದೇಶ ಬಿಟ್ಟು ಮತ್ತೆ ಒಳಗೆ ಬರುತ್ತದೆ, ಅದು ಎರಡನೆಯ ಪ್ರವೇಶ. ವೀಸಾ ಸರಿಯಿಲ್ಲದೆ ಹಡಗಿನ ಮೆಟ್ಟಿಲಲ್ಲೇ ತಡೆದರೆ ಕಂಪನಿ ಹಣ ಮರಳಿಸುವುದಿಲ್ಲ. ವೀಸಾ ಕೆಲಸ ಏಜೆಂಟರೇ ವಹಿಸಿಕೊಂಡಿದ್ದರೆ ಆ ಮಾತು ಬರಹದಲ್ಲಿರಲಿ, ವಾಟ್ಸಾಪ್ ಸಂದೇಶವಾದರೂ ಸಾಕು.

ಇನ್ನು ಟಿಕೆಟ್ಟು. ಬಸ್ ಟಿಕೆಟ್ಟಿನಂತಲ್ಲ ಇದು, ಹತ್ತಾರು ಪುಟದ ಕರಾರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿಯೊಬ್ಬರು ತಮ್ಮೂರಿನ ಏಜೆಂಟರ ಮೂಲಕ ಕಾರ್ನಿವಲ್ ಕಂಪನಿಯ 'ಟ್ರಾಪಿಕೇಲ್' ಎಂಬ ಹಡಗಿನಲ್ಲಿ ಲಾಸ್ ಏಂಜಲೀಸ್‌ನಿಂದ ಮೆಕ್ಸಿಕೊ ಕಡೆಗೆ ಹೊರಟಿದ್ದರು. ಹಡಗಿನ ಅಡುಗೆಮನೆ ತೋರಿಸಲು ಕರೆದೊಯ್ದಾಗ ಹೆಂಡತಿ ಜಾರಿ ಬಿದ್ದರು. ತಮ್ಮೂರಿನ ಕೋರ್ಟಿಗೆ ಹೋದರೆ ಕಂಪನಿ ಟಿಕೆಟ್ಟು ತೋರಿಸಿತು: ವ್ಯಾಜ್ಯವೇನಿದ್ದರೂ ಫ್ಲೋರಿಡಾದಲ್ಲಿ. ಅಂದರೆ ದೇಶದ ಇನ್ನೊಂದು ಮೂಲೆ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಳು-ಎರಡರ ಬಹುಮತದಲ್ಲಿ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಆ ಟಿಕೆಟ್ಟಿನ ಷರತ್ತುಗಳನ್ನು ಮೂಲದ ಸಣ್ಣ ಅಕ್ಷರದಲ್ಲೇ ತೀರ್ಪಿಗೆ ಲಗತ್ತಿಸಿದರು. ಆ ಷರತ್ತು ಇದ್ದದ್ದು 25ರಲ್ಲಿ ಎಂಟನೆಯ ಪರಿಚ್ಛೇದದಲ್ಲಿ. ನನಗೆ ಸ್ಟೀವನ್ಸ್ ಸರಿ ಅನ್ನಿಸುತ್ತಾರೆ, ಆದರೆ ಗೆದ್ದದ್ದು ಸಣ್ಣ ಅಕ್ಷರ.

ನಮ್ಮ ಗ್ರಾಹಕರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 34 ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಲಂ 100 ಪ್ರಕಾರ ಈ ಕಾಯ್ದೆಯ ಹಕ್ಕು ಬೇರೆ ಕಾನೂನುಗಳು ಕೊಡುವ ಹಕ್ಕಿನ ಜೊತೆಗೆ ಹೆಚ್ಚುವರಿಯಾಗಿ ಸಿಕ್ಕಿದ್ದು. ದೂರಿಗೆ ಎರಡು ವರ್ಷದ ಕಾಲಾವಕಾಶವಿದೆ. ತಮಗೆ ಬೇಕಾದಾಗ ಕಾರಣವಿಲ್ಲದೆ ರದ್ದು ಮಾಡುವ, ಗ್ರಾಹಕ ರದ್ದು ಮಾಡಿದರೆ ನಷ್ಟಕ್ಕೆ ಸಂಬಂಧವಿಲ್ಲದಷ್ಟು ದಂಡ ಹಾಕುವ ಷರತ್ತುಗಳನ್ನು ಈ ಕಾಯ್ದೆ 'ಅನ್ಯಾಯದ ಕರಾರು' ಎನ್ನುತ್ತದೆ. ಅದನ್ನು ಪ್ರಶ್ನಿಸಲು ಮಾತ್ರ ರಾಜ್ಯ ಆಯೋಗಕ್ಕೇ ಹೋಗಬೇಕು. ಬಿರುಗಾಳಿಯ ಕಾರಣಕ್ಕೆ ಕ್ಯಾಪ್ಟನ್ ಒಂದು ಬಂದರು ಬಿಟ್ಟು ಮುಂದೆ ಹೋದರೆ ಅದು ಸೇವಾ ನ್ಯೂನತೆ ಎನ್ನಿಸಿಕೊಳ್ಳುವುದು ಕಷ್ಟ. 2018ರ ಜುಲೈ 5ರಂದು ಫುಕೆಟ್ ಬಳಿ ಪ್ರವಾಸಿ ದೋಣಿ 'ಫೀನಿಕ್ಸ್' ಮುಳುಗಿ 47 ಮಂದಿ ಚೀನೀ ಪ್ರವಾಸಿಗರು ಸತ್ತದ್ದು ಹವಾಮಾನದ ಎಚ್ಚರಿಕೆಯಿದ್ದ ದಿನವೇ. ಬಂದರು ತಪ್ಪಿತೆಂದು ಕ್ಯಾಪ್ಟನ್ ಮೇಲೆ ಸಿಟ್ಟಾಗುವ ಮೊದಲು ಅದು ನೆನಪಿರಲಿ.

ಆದರೆ ಆಯೋಗದ ಆದೇಶ ಸಿಕ್ಕಿದರಾಯಿತೆ? ಇಲ್ಲಿ ಕಚೇರಿಯೇ ಇಲ್ಲದ ವಿದೇಶಿ ಕಂಪನಿಯಿಂದ ದುಡ್ಡು ವಸೂಲು ಮಾಡುವುದು ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ. ಹಾಗಾಗಿ ನಿಮಗೆ ಪ್ಯಾಕೇಜು ಮಾರಿದ ಇಲ್ಲಿನ ಏಜೆಂಟರನ್ನೂ ಎದುರುದಾರರಾಗಿ ಸೇರಿಸಬೇಕು. ಅದಕ್ಕೆ ಬೇಕಾದದ್ದು ಅವರ ಹೆಸರಿನ, ಜಿಎಸ್‌ಟಿ ನಂಬರಿರುವ ಬಿಲ್ಲು. ವಿದೇಶಿ ಪ್ಯಾಕೇಜಿನ ಮೇಲೆ ಹಿಡಿದುಕೊಳ್ಳುವ ಟಿಸಿಎಸ್ ಆ ಬಿಲ್ಲಿನಲ್ಲಿ ಕಾಣುತ್ತದೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಬಿಲ್ಲಿಲ್ಲದೆ ಕಡಿಮೆಗೆ ಮಾಡಿಕೊಡುತ್ತೇನೆ ಎಂದರೆ ಮತ್ತೊಂದು ಗುಲಾಬಿ ಚೀಟಿ ಕೈಗೆ ಬಂತೆಂದೇ ಲೆಕ್ಕ.

ಹಡಗಿನ ಮೇಲೆ ಕಳ್ಳತನವೋ ಕಿರುಕುಳವೋ ಆದರೆ ಯಾರ ಪೊಲೀಸರು? ಹಡಗಿನ ಹಿಂಭಾಗದಲ್ಲಿ ಹೆಸರಿನ ಕೆಳಗೆ ಒಂದು ಊರಿನ ಹೆಸರಿರುತ್ತದೆ. ನಸ್ಸಾವ್ ಎಂದಿದ್ದರೆ ಹಡಗು ಬಹಾಮಾಸ್‌ನದು. ತೆರೆದ ಸಮುದ್ರದಲ್ಲಿ ಆ ಬಾವುಟದ ದೇಶದ ಕಾನೂನು, ಬಂದರಿನಲ್ಲಿ ನಿಂತಾಗ ಆ ನೆಲದ ಕಾನೂನೂ ಬರುತ್ತದೆ. ತಪ್ಪು ಮಾಡಿದವನು ಭಾರತೀಯನಾಗಿದ್ದರೆ ಭಾರತೀಯ ನ್ಯಾಯ ಸಂಹಿತೆ ಅವನನ್ನು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಬಿಡುವುದಿಲ್ಲ. ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಗುತ್ತದೆ, ಅಷ್ಟೆ. ಘಟನೆ ಎಲ್ಲೇ ನಡೆದಿರಲಿ, ಅದೇ ದಿನ ಹಡಗಿನ ಭದ್ರತಾ ಅಧಿಕಾರಿಗೆ ಬರಹದಲ್ಲಿ ದೂರು ಕೊಟ್ಟು ನಕಲು ಪಡೆಯಿರಿ. ಸಿಸಿಟಿವಿ ದೃಶ್ಯ ಅಳಿಸದೆ ಕಾದಿಡಿ ಎಂದು ಒಂದು ಇಮೇಲ್ ಕಳಿಸಿ. ಊರಿಗೆ ಬಂದ ಮೇಲೆ ಕೇಳಿದರೆ ದೃಶ್ಯ ಇರುವುದಿಲ್ಲ.

ಹಡಗು ಹತ್ತಿದೊಡನೆ ನಡೆಯುವ ಸುರಕ್ಷತಾ ಕವಾಯತನ್ನು ನಮ್ಮ ದಂಪತಿ ತಪ್ಪಿಸಿಕೊಂಡು ಊಟದ ಹಾಲಿಗೆ ಹೋಗಿದ್ದರಂತೆ. ಮೊದಲೆಲ್ಲ ಅದನ್ನು 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟ ಕಾಂಕೋರ್ಡಿಯ ಬಂಡೆಗೆ ಬಡಿದಾಗ, ಆ ಸಂಜೆಯಷ್ಟೇ ಹತ್ತಿದ ನೂರಾರು ಜನರಿಗೆ ಕವಾಯತು ಇನ್ನೂ ಆಗಿರಲಿಲ್ಲ. 32 ಜನ ಸತ್ತರು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣ ಅದು ನಡೆಯಲೇಬೇಕು. ಭಾಗವಹಿಸದವರನ್ನು ಇಳಿಸುವ ಅಧಿಕಾರವನ್ನೂ ಕಂಪನಿಗಳು ಷರತ್ತಿನಲ್ಲಿ ಇಟ್ಟುಕೊಂಡಿರುತ್ತವೆ. ಊಟ ಎಲ್ಲಿಗೂ ಓಡುವುದಿಲ್ಲ.

ಮತ್ತೆ ಆ ಕೈಯ ವಿಚಾರ. ಹಡಗಿನ ವೈದ್ಯರು ಎಕ್ಸ್‌ರೇ ತೆಗೆದು, ಕಟ್ಟು ಹಾಕಿ, ಬಿಲ್ಲನ್ನು ಕೋಣೆಯ ಲೆಕ್ಕಕ್ಕೆ ಸೇರಿಸಿದ್ದರು. ಮೊತ್ತ ನೋಡಿ ಯಜಮಾನರು ಕಂಗಾಲಾಗಿದ್ದರು. ಕವರನ್ನು ಮೇಜಿನ ಮೇಲೆ ಸುರಿದು ಹುಡುಕಿದೆವು. ಮಗಳು ಆನ್‌ಲೈನಿನಲ್ಲಿ ಮಾಡಿಸಿದ್ದ ಪ್ರವಾಸ ವಿಮೆಯ ಪಾಲಿಸಿ ಸಿಕ್ಕಿತು. ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ದೇಶದ ಆಚೆಗೆ ನಡೆಯುವುದಿಲ್ಲ, ಈ ಸಣ್ಣ ಪಾಲಿಸಿ ನಡೆಯುತ್ತದೆ. ದೋಣಿ ಯಾರದೆಂದು ಅದು ಕೇಳುವುದಿಲ್ಲ. ಕುಡಿದಿದ್ದಿರಾ, ಸಾಹಸ ಕ್ರೀಡೆಯಲ್ಲಿ ಬಿದ್ದಿರಾ ಎಂದು ಮಾತ್ರ ಕೇಳುತ್ತದೆ. ವೈದ್ಯರ ವರದಿ, ಮೂಲ ಬಿಲ್ಲು, ಪಾಸ್‌ಪೋರ್ಟಿನ ನಕಲು ಕಳಿಸಿದೆವು. ತಿರಸ್ಕರಿಸಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಹೋಗಬಹುದಿತ್ತು. ಆ ಪ್ರಮೇಯ ಬರಲಿಲ್ಲ.

ಕವರಿನಲ್ಲಿ ಇನ್ನೊಂದೂ ಸಿಕ್ಕಿತು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಏಜೆಂಟರ ಬಿಲ್ಲಿನಲ್ಲಿ 'ಪೆನಾಂಗ್ ನಗರ ದರ್ಶನ, ಇಬ್ಬರಿಗೆ' ಎಂದು ಸ್ಪಷ್ಟವಾಗಿ ಬರೆದಿತ್ತು. ಬಂದರಿನಲ್ಲಿ ಯಾವ ಬಸ್ಸೂ ಬಂದಿರಲಿಲ್ಲ. ಎರಡು ಗಂಟೆ ಕಾದು, ಟ್ಯಾಕ್ಸಿ ಹಿಡಿದು ಜಾರ್ಜ್ ಟೌನ್ ಬೀದಿಗಳನ್ನು ತಾವೇ ಸುತ್ತಿ ಬಂದಿದ್ದರು. "ಅದೇನು ದೊಡ್ಡದಲ್ಲ ಬಿಡಿ ಸಾರ್, ದೇವಸ್ಥಾನ ನೋಡಿದೆವು" ಅಂದರು ಆಕೆ. ಕಾನೂನಿನ ಲೆಕ್ಕದಲ್ಲಿ ಆ ಇಡೀ ಪ್ರವಾಸದಲ್ಲಿ ಗಟ್ಟಿಯಾದ ಕೇಸೆಂದರೆ ಅದೊಂದೇ. ದುಡ್ಡು ಪಡೆದವರು ಗೊತ್ತು, ಒಪ್ಪಿಕೊಂಡ ಸೇವೆ ಬರಹದಲ್ಲಿದೆ, ಕೊಟ್ಟಿಲ್ಲ ಎನ್ನುವುದಕ್ಕೆ ಬಂದರಿನಿಂದ ಏಜೆಂಟರಿಗೆ ಕಳಿಸಿದ ಏಳು ವಾಟ್ಸಾಪ್ ಸಂದೇಶಗಳಿವೆ. ಇಂಥ ಸಂದೇಶಗಳನ್ನು ಅಳಿಸಬೇಡಿ. ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗಬಹುದು, ಫೋನು ಕೈಯಲ್ಲಿದ್ದರೆ ಅದು ಸುಲಭ.

ಮೊದಲು 1915 ಸಹಾಯವಾಣಿಗೆ ಫೋನು ಮಾಡಿಸಿದೆ. ದೂರು ಸಂಖ್ಯೆ ಸಿಕ್ಕಿತು, ಏಜೆಂಟರು ಉತ್ತರಿಸಲಿಲ್ಲ. ಆಮೇಲೆ ನೋಟಿಸು. ಅದಕ್ಕೂ ಜಗ್ಗದಿದ್ದರೆ ಇ-ಜಾಗೃತಿ ಜಾಲತಾಣದಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಎಂದು ಕರಡು ಸಿದ್ಧಮಾಡಿದೆ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರೂ ಕಡ್ಡಾಯವಲ್ಲ, ಇದನ್ನು ವಕೀಲನಾದ ನಾನೇ ಹೇಳುತ್ತಿದ್ದೇನೆ. ಎದುರುದಾರರು 30 ದಿನದಲ್ಲಿ ತಕರಾರು ಸಲ್ಲಿಸಬೇಕು, ಹೆಚ್ಚೆಂದರೆ ಇನ್ನು 15 ದಿನ. ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ತೀರ್ಪು ಬರುತ್ತದೆಂದು ಮಾತ್ರ ನಂಬಬೇಡಿ. ನೋಟಿಸು ಮುಟ್ಟಿದ ಹನ್ನೊಂದನೆಯ ದಿನ ಏಜೆಂಟರು ನಗರ ದರ್ಶನದ ಹಣವನ್ನೂ ಟ್ಯಾಕ್ಸಿ ಬಾಡಿಗೆಯನ್ನೂ ಮರಳಿಸಿದರು.

ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ಇಬ್ಬರೂ ಒಂದು ಡಬ್ಬಿ ಹಲಸಿನ ಹಪ್ಪಳ ಹಿಡಿದು ಬಂದರು. ಮುಂದಿನ ಸಲ ಲಕ್ಷದ್ವೀಪವಂತೆ. ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂದು ಹೇಳಿದಾಗ ಯಜಮಾನರು ಹಿಗ್ಗಿದರು. ಈಗ ಮಾತ್ರ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅದನ್ನು ಏಜೆಂಟರೇ ಮಾಡಿಸುತ್ತಾರೋ ಕೇಳಿ ಎಂದೆ.

"ಬಿಲ್ಲಿನಲ್ಲಿ ಬರೆಸಿಕೊಳ್ಳುತ್ತೇವೆ" ಅಂದರು.

ಆಕೆ ಬಾಗಿಲ ಹತ್ತಿರ ನಿಂತು, "ಅಲ್ಲಿ ದಡದಲ್ಲಿ ಹವಳದ ತುಂಡುಗಳು ಬಿದ್ದಿರುತ್ತವಂತಲ್ಲ, ಒಂದೆರಡು ಶೋಕೇಸಿಗೆ ತರಬಹುದಾ?" ಅಂತ ಕೇಳಿದರು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ ತಾಯಿ, ಕಡಿಮೆಯೆಂದರೆ ಮೂರು ವರ್ಷ ಜೈಲು ಎಂದೆ. ಹಪ್ಪಳದ ಡಬ್ಬಿಯನ್ನು ವಾಪಸು ಕೊಂಡೊಯ್ಯುತ್ತಾರೇನೋ ಎನ್ನುವ ಹಾಗೆ ನನ್ನನ್ನು ನೋಡಿದರು.