ಒಗರಿನ ಗುಣದೋಷಗಳು

ಎಳೆಯ ಬಾಳೆಕಾಯಿಯನ್ನು ಕೊಯ್ದ ಕಬ್ಬಿಣದ ಕತ್ತಿಯ ಅಲಗು ಕಪ್ಪಾಗುವುದನ್ನು ರೈತಬಾಂಧವರೆಲ್ಲರೂ ಬಲ್ಲರು. ಈ ಕಪ್ಪಿಗೆ ಕಾರಣವಾದ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಎಂದು ಹೆಸರು. ನಾಲಗೆಗೆ ಒಗರಾಗಿ ತೋರುವುದೂ ಇದೇ. ಕೀಟ, ಬೂಷ್ಟು ಮೊದಲಾದವುಗಳಿಂದ ಗಿಡಕ್ಕೆ ಇದು ರಕ್ಷಣೆಯನ್ನು ಕೊಡುತ್ತದೆ.

ಟ್ಯಾನಿನ್ನುಗಳಲ್ಲಿ ಎರಡು ಬಗೆಗಳುಂಟು. ಅಳಲೆಕಾಯಿಯದನ್ನು ಆಮ್ಲದೊಡನೆ ಕುದಿಸಿದರೆ ಸಕ್ಕರೆಯಾಗಿಯೂ ಗ್ಯಾಲಿಕ್ ಮುಂತಾದ ಆಮ್ಲಗಳಾಗಿಯೂ ಒಡೆಯುತ್ತದೆ. ತಂಗಡಿ ತೊಗಟೆಯದು ಹಾಗೆ ಒಡೆಯದೆ ಕೆಂಪು ಗಸಿಯಾಗುತ್ತದೆ.

ಇವೆರಡಕ್ಕೂ ಸಾಮಾನ್ಯವಾದ ಗುಣಗಳಲ್ಲಿ ಮೊದಲನೆಯದು ಸಸಾರಜನಕ ಪದಾರ್ಥಗಳೊಡನೆ ಕೂಡಿ ಅವನ್ನು ಬಿಗಿಯುವುದು. ಹಸಿ ತೊಗಲಿನೊಡನೆ ಕೂಡಿದಾಗ ಅದು ಬೇಗನೆ ಕೊಳೆಯದ ಚರ್ಮವಾಗುತ್ತದೆ. ತಂಗಡಿ ತೊಗಟೆಯಲ್ಲಿ ಸುಮಾರಾಗಿ ನೂರಕ್ಕೆ 15 ರಿಂದ 20 ಪಾಲು, ಅಳಲೆಕಾಯಿಯಲ್ಲಿ ಅದಕ್ಕಿಂತಲೂ ಹೆಚ್ಚು ಟ್ಯಾನಿನ್ ಇರುವುದರಿಂದಲೇ ಇವು ಚರ್ಮ ಹದಮಾಡುವ ಕಸಬಿನಲ್ಲಿ ಬಳಕೆಗೆ ಬಂದವು. ಇಂದು ಕ್ರೋಮ್ ಲವಣಗಳ ಪದ್ಧತಿಯೇ ಹೆಚ್ಚಾಗಿದ್ದರೂ ತೊಗಟೆಯ ಹದವು ನಿಂತುಹೋಗಿಲ್ಲ.

ಎರಡನೆಯ ಗುಣವು ಕಬ್ಬಿಣವನ್ನು ಹಿಡಿದುಕೊಳ್ಳುವುದು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಈ ಗುಣದಿಂದಲೇ.

ಮಸಿಕುಡಿಕೆಯಲ್ಲಿ ಉಪಕಾರಿಯಾದ ಈ ಕೂಟವು ಹೊಟ್ಟೆಯಲ್ಲಿ ನಡೆದರೆ ನಷ್ಟಕರ. ಊಟದೊಡನೆ ಚಹಾ ಕುಡಿದರೆ ಅದರ ಟ್ಯಾನಿನ್ ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಹಿಡಿದುಕೊಳ್ಳುವುದರಿಂದ, ಅದರಲ್ಲಿ ಬಹುಭಾಗವು ರಕ್ತಕ್ಕೆ ಸೇರದೆ ಹೊರಬೀಳುತ್ತದೆ. ಮೊದಲೇ ರಕ್ತಹೀನತೆಯಿಂದ ಬಳಲುವ ಗರ್ಭಿಣಿಯರಿಗೂ ಮಕ್ಕಳಿಗೂ ಇದು ಸಣ್ಣ ನಷ್ಟವಲ್ಲ. ಪರಿಹಾರಕ್ಕೆ ಕಾಸಿನ ಖರ್ಚೂ ಇಲ್ಲ: ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಬೇಕು, ಊಟದಲ್ಲಿ ನಿಂಬೆಹಣ್ಣಿನ ರಸವಿದ್ದರೆ ಕಬ್ಬಿಣಾಂಶವು ಹೆಚ್ಚಾಗಿ ಮೈಗೆ ಹತ್ತುವುದು.

ಕಂದು ರಾಗಿಯ ಸಿಪ್ಪೆಯಲ್ಲಿಯೂ ಟ್ಯಾನಿನ್ ಉಂಟು; ಬಿಳಿ ರಾಗಿಯಲ್ಲಿ ಕಡಮೆ. ಹಾಗೆಂದು ಕಂದು ರಾಗಿಯನ್ನು ಬಿಡಬೇಕಾದುದಿಲ್ಲ. ಕಾಳಿಗೆ ಬೂಷ್ಟು ಹಿಡಿಯದಂತೆ ತಡೆಯುವುದಕ್ಕೂ, ಪಿಷ್ಟವು ನಿಧಾನವಾಗಿ ಜೀರ್ಣವಾಗುವುದಕ್ಕೂ ಅದು ಸಹಾಯಕವಾಗಿದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿದರೆ ಟ್ಯಾನಿನ್ ತಗ್ಗುತ್ತದೆ. ಮಕ್ಕಳ ಗಂಜಿಗೆ ಈ ಹಿಟ್ಟೇ ಉತ್ತಮ.

ದನಕರುಗಳ ವಿಷಯದಲ್ಲಿಯೂ ಈ ಎಚ್ಚರವು ಬೇಕು. ಬಹಳ ಒಗರಾದ ಮರದ ಸೊಪ್ಪನ್ನೇ ಹೊಟ್ಟೆತುಂಬ ಹಾಕಿದರೆ ಮೇವಿನ ಸಸಾರಜನಕವು ಟ್ಯಾನಿನ್ನಿಗೆ ಸಿಕ್ಕಿ ಸರಿಯಾಗಿ ಜೀರ್ಣವಾಗದೆ ಹೋಗುತ್ತದೆ. ಆದುದರಿಂದ ಅಂತಹ ಸೊಪ್ಪನ್ನು ಹುಲ್ಲು ಮತ್ತು ಇತರ ಮೇವಿನೊಡನೆ ಬೆರಸಿ ಮಿತವಾಗಿ ಹಾಕತಕ್ಕದ್ದು.