ತಾಯಿಯ ಮನೆ, ಮಗನ ದಾರಿ: ಮಿನಾಂಗ್‌ಕಬಾವು ಹಳ್ಳಿಯಲ್ಲಿ ಆಸ್ತಿ ಮತ್ತು ಪ್ರಯಾಣ

ಕೃಷಿ ಸಮಾಜಗಳನ್ನು ಕುರಿತ ಬರವಣಿಗೆಯಲ್ಲಿ ಆಸ್ತಿ ಮತ್ತು ಪ್ರಯಾಣಗಳನ್ನು ಎರಡು ಎದುರು ತುದಿಗಳಂತೆ ಕಾಣುವುದು ರೂಢಿಯಾಗಿದೆ. ನೆಲವುಳ್ಳವನು ಊರಲ್ಲಿ ನಿಲ್ಲುತ್ತಾನೆ, ನೆಲವಿಲ್ಲದವನು ಹೊಟ್ಟೆಪಾಡಿಗಾಗಿ ಊರು ಬಿಡುತ್ತಾನೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮ ಭಾಗದಲ್ಲಿ, ಮರಾಪಿ ಬೆಟ್ಟದ ಸುತ್ತಲಿನ ಮೇಲ್ನಾಡಿನಲ್ಲಿ ನೆಲೆಸಿರುವ ಮಿನಾಂಗ್‌ಕಬಾವು ಜನರ ಹಳ್ಳಿಗಳು ಈ ತಿಳಿವಳಿಕೆಗೆ ಒಗ್ಗುವುದಿಲ್ಲ. ಇಲ್ಲಿ ಗದ್ದೆ ಮತ್ತು ಮನೆ ತಾಯಿಯಿಂದ ಮಗಳಿಗೆ ಹೋಗುತ್ತವೆ. ಗಂಡುಮಕ್ಕಳು ತಲೆಮಾರುಗಳಿಂದ ಊರು ಬಿಟ್ಟು ದೂರ ಹೋಗುತ್ತಾರೆ. ಈ ಹೋಗುವಿಕೆಗೆ 'ಮೆರಂತಾವು' ಎಂದು ಹೆಸರು. ಆಸ್ತಿ ಹೆಂಗಸರ ಪಾಲಾದುದರಿಂದಲೇ ಗಂಡಸರು ಹೊರಬಿದ್ದರು ಎಂಬ ವಿವರಣೆ ಪ್ರಚಲಿತವಾಗಿದೆ. ಅದು ಅರ್ಧಸತ್ಯ ಮಾತ್ರ. ಮಾರಲಾಗದ ನೆಲವೊಂದು ಹಿಂದೆ ಇರುವುದರಿಂದಲೇ ಹೋಗುವವನಿಗೆ ಹೋಗುವ ಧೈರ್ಯ ಬರುತ್ತದೆ. ಹೋದವನು ದುಡಿದು ಕಳಿಸುವುದರಿಂದ ಆ ನೆಲವನ್ನು ಅಡವಿಡುವ ಸಂದರ್ಭ ಕಡಿಮೆಯಾಗುತ್ತದೆ. ಈ ಎರಡನ್ನೂ ಒಂದೇ ಏರ್ಪಾಡಿನ ಎರಡು ಮುಖಗಳಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮಿನಾಂಗ್‌ಕಬಾವು ಹಳ್ಳಿಗೆ 'ನಗರಿ' ಎನ್ನುತ್ತಾರೆ. ಸಂಸ್ಕೃತದಿಂದ ಹೋದ ಈ ಪದ ಅಲ್ಲಿ ಪಟ್ಟಣವನ್ನಲ್ಲದೆ ಗದ್ದೆ, ಕಾಡು, ಮಸೀದಿ ಹಾಗೂ ಸಭಾಮಂಟಪಗಳುಳ್ಳ ಸ್ವತಂತ್ರ ಗ್ರಾಮವನ್ನು ಸೂಚಿಸುತ್ತದೆ. ಒಂದು ನಗರಿಯಲ್ಲಿ ಕನಿಷ್ಠ ನಾಲ್ಕು 'ಸುಕು'ಗಳಿರಬೇಕೆಂಬುದು ಸಂಪ್ರದಾಯ. ಸುಕು ತಾಯಿಯಿಂದ ಬರುತ್ತದೆ. ಒಂದೇ ಸುಕುವಿನೊಳಗೆ ಮದುವೆ ನಿಷಿದ್ಧ. ತುಳುನಾಡಿನ 'ಬಳಿ'ಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಕುವಿನೊಳಗಿನ ಚಿಕ್ಕ ಘಟಕಕ್ಕೆ 'ಪರುಯಿಕ್' ಎಂದರೆ ಹೊಟ್ಟೆ ಎಂದು ಹೆಸರು: ಒಂದೇ ಬಸಿರಿನಿಂದ ಬಂದವರು ಎಂದರ್ಥ. ಇವರ ಆಸ್ತಿಯ ಹಿರಿಯ ಉಸ್ತುವಾರಿ ತಾಯಿಯ ಸಹೋದರನದು. ಅವನನ್ನು 'ಮಾಮಾಕ್' ಎಂದು ಕರೆಯುತ್ತಾರೆ. ನಮ್ಮ 'ಮಾಮ'ನೊಂದಿಗಿನ ಧ್ವನಿಸಾಮ್ಯ ಆಕರ್ಷಕವಾಗಿ ಕಂಡರೂ ಅದರ ಮೇಲೆ ಯಾವ ವಾದವನ್ನೂ ಕಟ್ಟುವಂತಿಲ್ಲ.

ಆಸ್ತಿಯಲ್ಲಿ ಅವರು ಮಾಡುವ ವಿಂಗಡಣೆ ಮುಖ್ಯವಾದುದು. ತಲೆಮಾರುಗಳಿಂದ ಬಂದದ್ದು 'ಹರತೊ ಪುಸಾಕೊ ತಿಂಗಿ', ಎಂದರೆ ಎತ್ತರದ ಪಿತ್ರಾರ್ಜಿತ ಎನ್ನಬಹುದು. ಆದರೆ ಇಲ್ಲಿ 'ಪಿತೃ' ಎಂಬ ಮಾತೇ ಸಲ್ಲದು, ಮಾತ್ರಾರ್ಜಿತ ಎನ್ನುವುದು ಸರಿ. ಒಬ್ಬನು ತನ್ನ ಜೀವಿತಕಾಲದಲ್ಲಿ ಗಳಿಸಿದ್ದು ಸ್ವಯಾರ್ಜಿತ. 'ಹರತೊ' ಎಂಬುದು ಸಂಸ್ಕೃತದ 'ಅರ್ಥ'ದ ರೂಪಾಂತರ. ಎತ್ತರದ ಆಸ್ತಿಯನ್ನು ಮಾರುವಂತಿಲ್ಲ. ಅಡವಿಡಬಹುದು, ಅದೂ ನಾಲ್ಕು ಸಂದರ್ಭಗಳಲ್ಲಿ ಮಾತ್ರ: ಮನೆಯಲ್ಲಿ ಹೆಣ ಮಲಗಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ದೊಡ್ಡ ಮನೆಯ ಮಾಡು ಸೋರುವಾಗ, ಪ್ರಾಯಕ್ಕೆ ಬಂದ ಹೆಣ್ಣಿಗೆ ಮದುವೆಯಾಗದೆ ಉಳಿದಾಗ, ಖಾಲಿ ಬಿದ್ದ ಕುಲನಾಯಕನ ಪದವಿಯನ್ನು ಮತ್ತೆ ಎತ್ತಿ ನಿಲ್ಲಿಸಬೇಕಾದಾಗ. ಸಾವು, ಸೂರು, ಮದುವೆ, ಮಾನ ಎಂಬ ಈ ನಾಲ್ಕರಲ್ಲಿ ವ್ಯಾಪಾರಕ್ಕಾಗಲಿ ಗಂಡುಮಗನ ಓದಿಗಾಗಲಿ ಸ್ಥಾನವಿಲ್ಲ ಎಂಬುದನ್ನು ಗಮನಿಸಬೇಕು. ಅವುಗಳಿಗೆ ಬೇಕಾದ ಹಣವನ್ನು ನೆಲದಿಂದಲ್ಲ, ದಾರಿಯಿಂದ ತರಬೇಕು.

ಈ ಏರ್ಪಾಡಿನಲ್ಲಿ ಗಂಡಸಿನ ದಿನಚರಿಯೇ ಒಂದು ಪ್ರಯಾಣ. ಎರಡು ತುದಿ ಮೇಲಕ್ಕೆ ಬಾಗಿದ ಮಾಡಿನ 'ರುಮಾಹ್ ಗದಾಂಗ್', ಎಂದರೆ ದೊಡ್ಡ ಮನೆಯಲ್ಲಿ ಹಿಂಬದಿಯ ಸಾಲಿನ ಕೋಣೆಗಳು ಮದುವೆಯಾದ ಹೆಣ್ಣುಮಕ್ಕಳಿಗೆ ಮೀಸಲು. ಮುಂದಿನ ಉದ್ದನೆಯ ಜಗಲಿ ಎಲ್ಲರಿಗೂ ಸೇರಿದ್ದು. ಅಂಗಳದಲ್ಲಿ ಬತ್ತದ ಕಣಜಗಳು. ಗಂಡುಮಗನಿಗೆ ಕೋಣೆ ಇಲ್ಲ. ಹುಡುಗನು ಬುದ್ಧಿ ಬಂದ ಮೇಲೆ ರಾತ್ರಿ ಮಲಗುತ್ತಿದ್ದುದು 'ಸುರಾವು' ಎಂಬ ಪ್ರಾರ್ಥನಾಗೃಹದಲ್ಲಿ. ಕುರಾನ್ ಪಾಠ, ಕೈಕಾಲಿನ ಕಾಳಗದ ವಿದ್ಯೆ, ಹಿರಿಯರ ಮಾತುಗಾರಿಕೆ ಎಲ್ಲವನ್ನೂ ಅಲ್ಲಿಯೇ ಕಲಿಯುತ್ತಿದ್ದ. ಮದುವೆಯಾದ ಮೇಲೆ ಸಂಜೆ ಹೆಂಡತಿಯ ಮನೆಗೆ ಹೋಗಿ, ಬೆಳಗ್ಗೆ ತಾಯಿಯ ಮನೆಯ ಗದ್ದೆಗೆ ಮರಳುತ್ತಿದ್ದ. ಹೆಂಡತಿಯ ಮನೆಯಲ್ಲಿ ಅವನು 'ಸುಮಾಂದೊ', ಗೌರವದ ಅತಿಥಿ. ಮರದ ಬೊಡ್ಡೆಯ ಮೇಲಿನ ಬೂದಿಗೆ ಅವನನ್ನು ಹೋಲಿಸುವ ಗಾದೆಯಿದೆ, ಗಾಳಿ ಬೀಸಿದರೆ ಹಾರಿಹೋಗುವಂಥವನು. ಹಗಲಿನ ವಿರಾಮಕ್ಕೆ ಅವನಿಗೆ ಉಳಿದಿರುವುದು 'ಲಪಾವು', ಎಂದರೆ ಊರಿನ ಕಾಫಿ ಅಂಗಡಿ. ಹೀಗೆ ಊರೊಳಗೇ ಎರಡು ಮನೆಗಳ ನಡುವೆ ನಡೆಯುತ್ತಿದ್ದವನಿಗೆ ಊರಾಚೆಯ ದಾರಿ ಸ್ವಭಾವದ ಮುಂದುವರಿಕೆಯಾಗಿ ಒದಗಿತು.

ಅಳಿಯಸಂತಾನ ಪದ್ಧತಿಯೊಂದಿಗೆ ಇದನ್ನು ಇಟ್ಟು ನೋಡಿದರೆ ಭೇದವೊಂದು ಸ್ಪಷ್ಟವಾಗುತ್ತದೆ. ಭೂತಾಳಪಾಂಡ್ಯನ ಕಟ್ಟೆಂದು ಪ್ರಸಿದ್ಧವಾದ ಆ ಪದ್ಧತಿಯಲ್ಲಿಯೂ ಆಸ್ತಿಯ ಹರಿವು ಹೆಣ್ಣಿನ ಮೂಲಕವೇ. ಆದರೆ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಗಂಡನ ಮನೆಗೆ ಹೋಗುತ್ತಿದ್ದಳು. ಹಕ್ಕು ಒಂದು ಮನೆಯಲ್ಲಿ, ಬದುಕು ಇನ್ನೊಂದು ಮನೆಯಲ್ಲಿ. ಅಲ್ಲಿ ಪ್ರಯಾಣ ಮಾಡಬೇಕಾದವಳು ಹಕ್ಕುದಾರಳೇ. ಸಿರಿ ಪಾಡ್ದನದಲ್ಲಿ ಬಸ್ರೂರಿನ ಗಂಡನ ಮನೆಗೂ ಸತ್ಯನಾಪುರದ ತವರಿಗೂ ನಡುವಿನ ದಾರಿಯೇ ಕಥೆಯ ಬೆನ್ನೆಲುಬಾಗಿರುವುದು, ಅಜ್ಜನ ಅರಮನೆಯ ಹಕ್ಕಿಗಾಗಿ ಸಿರಿ ಕೂಟದೆದುರು ನಿಲ್ಲಬೇಕಾಗಿ ಬರುವುದು ಇದರಿಂದಲೇ. ಮಿನಾಂಗ್‌ಕಬಾವು ಹೆಣ್ಣು ಹಕ್ಕಿರುವಲ್ಲಿಯೇ ವಾಸಿಸುತ್ತಾಳೆ. ದಾರಿಯ ಕಷ್ಟವೆಲ್ಲ ಗಂಡಿನದು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಕುಟುಂಬದ ಆಸ್ತಿಯನ್ನು ಪಾಲುಮಾಡಲು ದಾರಿ ತೆರೆದಂತೆ ಸುಮಾತ್ರಾದಲ್ಲಿ ಆಗದಿರುವುದಕ್ಕೆ ಕಾನೂನಿನ ಕಾರಣಗಳಿವೆ. ಆದರೆ ಮನೆಯಲ್ಲಿ ಯಾರು ಉಳಿದಿದ್ದರು ಎಂಬುದೂ ಒಂದು ಕಾರಣವೆಂದು ಭಾವಿಸಲು ಅವಕಾಶವಿದೆ.

ಹಾಗೆಂದು ಮೆರಂತಾವು ಕಾಲಾತೀತವಾದ ಒಂದೇ ರೂಪದ ಆಚರಣೆಯಲ್ಲ. 'ರಂತಾವು' ಎಂಬುದು ಮೊದಲು ಮೂರು ಮೂಲ ಸೀಮೆಗಳಾದ ತಾನಾಹ್ ದಾತಾರ್, ಅಗಾಮ್, ಲಿಮಾಪುಲುಹ್ ಕೋತಗಳ ಹೊರಗಿನ ತೀರಪ್ರದೇಶ ಮತ್ತು ನದೀತಪ್ಪಲುಗಳ ಹೆಸರಾಗಿತ್ತು. ಹೊಸ ಗದ್ದೆ ಅರಸಿ ಹೋದವರು ಅಲ್ಲಿ ಹೊಸ ನಗರಿಗಳನ್ನು ಕಟ್ಟಿದರು. ಮಲೇಷ್ಯಾದ ನೆಗ್ರಿ ಸೆಂಬಿಲಾನ್‌ವರೆಗೂ ಈ ಬಳ್ಳಿ ಹಬ್ಬಿದೆ. ೧೮೪೭ರಿಂದ ೧೯೦೮ರವರೆಗೆ ಡಚ್ಚರು ಮೇಲ್ನಾಡಿನಲ್ಲಿ ಕಾಫಿಯನ್ನು ಕಡ್ಡಾಯವಾಗಿ ಬೆಳೆಸಿದರು. ಅದನ್ನು ಕೈಬಿಟ್ಟು ೧೯೦೮ರಲ್ಲಿ ನಗದು ತೆರಿಗೆ ಹೇರಿದಾಗ ಕಾಮಾಂಗ್ ಮತ್ತು ಮಂಗೊಪೊಹ್‌ಗಳಲ್ಲಿ ಜನ ದಂಗೆಯೆದ್ದರು. ದಂಗೆ ಅಡಗಿತು, ತೆರಿಗೆ ಉಳಿಯಿತು. ಬತ್ತವಿದ್ದೂ ನಾಣ್ಯವಿಲ್ಲದ ಮನೆಗಳಿಗೆ ಹೊರಗಿನ ದುಡಿಮೆ ಅಗತ್ಯವಾಯಿತು. ೧೮೯೦ರ ದಶಕದಲ್ಲಿ ಪಡಾಂಗ್ ರೇವಿನಿಂದ ಅನಾಯ್ ಕಣಿವೆ ಹತ್ತಿ ಸಾವಾಹ್‌ಲುಂತೊ ಕಲ್ಲಿದ್ದಲ ಗಣಿಯವರೆಗೆ ಬಂದ ರೈಲು ಕಲ್ಲಿದ್ದಲಿನೊಂದಿಗೆ ಹುಡುಗರನ್ನೂ ಇಳಿಸಿಕೊಂಡು ಹೋಯಿತು. ೧೯೫೮ರಲ್ಲಿ ಆರಂಭವಾಗಿ ೧೯೬೧ರಲ್ಲಿ ಮುಗಿದ ಪ್ರಾಂತೀಯ ಬಂಡಾಯದ ಸೋಲಿನ ನಂತರ ಇಡೀ ಸಂಸಾರಗಳು ಜಕಾರ್ತಾ ಮೊದಲಾದ ನಗರಗಳಿಗೆ ಹೊರಟವು. ಮೊಖ್ತಾರ್ ನಯೀಮ್ ಅವರ ೧೯೭೯ರ ಗ್ರಂಥವೂ ತ್ಸುಯೋಷಿ ಕಾತೊ ಅವರ ೧೯೮೨ರ ಅಧ್ಯಯನವೂ ಈ ಬದಲಾವಣೆಯನ್ನು ವಿವರವಾಗಿ ಚರ್ಚಿಸುತ್ತವೆ. ಹೋಗಿ ಬರುವುದರ ಬದಲು ಹೋಗಿ ನೆಲೆಸುವ ಈ ಬಗೆಗೆ ಜನ 'ಮೆರಂತಾವು ಚಿನೊ', ಚೀನೀಯರಂತೆ ಹೋಗುವುದು ಎಂದು ಹೆಸರಿಟ್ಟರು. ಇಂಡೊನೇಷ್ಯಾದ ಊರೂರಿನಲ್ಲಿ ಕಾಣುವ ಪಡಾಂಗ್ ಊಟದ ಹೋಟೆಲುಗಳು ಇಂಥವರ ದುಡಿಮೆಯ ಫಲ. ಮುಂಬಯಿಯಲ್ಲಿ ಬಂಟರ ಹೋಟೆಲುಗಳನ್ನು ಕಂಡವರಿಗೆ ಈ ಚಿತ್ರ ಹೊಸದೆನಿಸದು.

ಹೋದವರು ಊರನ್ನು ಹೇಗೆ ಬರೆದರು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೆಚ್ಚು ಮಹತ್ವದ ಪ್ರಶ್ನೆ. ಮಾತೃಮೂಲೀಯ ಆಸ್ತಿಯ ಮೇಲೆ ಕಟುವಾದ ದಾಳಿ ಬಂದದ್ದು ಮೆಕ್ಕಾದಿಂದ. ಬುಕಿತ್ತಿಂಗಿ ಸೀಮೆಯಿಂದ ಹೋಗಿ ಅಲ್ಲಿನ ಮಹಾಮಸೀದಿಯಲ್ಲಿ ಶಾಫಿ ಪಂಥದ ಇಮಾಮರಾದ ಅಹ್ಮದ್ ಖತೀಬ್ (೧೮೬೦-೧೯೧೬) ಸೋದರಳಿಯಂದಿರಿಗೆ ಸಲ್ಲುವ ಈ ಆಸ್ತಿಯನ್ನು ಧರ್ಮಬಾಹಿರವೆಂದು ಖಂಡಿಸಿದರು. ಊರಿಗೆ ಮತ್ತೆ ಬಂದು ನೆಲೆಸಲಿಲ್ಲ. ಅವರ ಶಿಷ್ಯರೊಬ್ಬರ ಮಗ ಹಮ್ಕಾ. ಹಮ್ಕಾ ೧೯೩೮ರಲ್ಲಿ ಮೇದಾನ್ ನಗರದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ 'ತೆಂಗೆಲಾಮ್ನ್ಯ ಕಪಾಲ್ ವಾನ್ ದೆರ್ ವೈಕ್' ಕಾದಂಬರಿಯ ಮೂಲದಲ್ಲಿರುವುದೇ ಆಸ್ತಿಯ ಜಗಳ: ನಾಯಕನ ತಂದೆ ಪಿತ್ರಾರ್ಜಿತದ ವಿಷಯವಾಗಿ ತನ್ನ ಮಾಮಾಕ್‌ನನ್ನು ಕೊಂದು ಗಡೀಪಾರಾದವನು. ಮಕಾಸ್ಸರ್ ಕಡೆಯ ತಾಯಿಗೆ ಹುಟ್ಟಿದ ನಾಯಕ ಜೈನುದ್ದೀನ್ ತಂದೆಯ ಊರಿಗೆ ಬಂದಾಗ ಅವನಿಗೆ ಸುಕುವೂ ಇಲ್ಲ, ಮನೆಯೂ ಇಲ್ಲ. ಪ್ರೀತಿಸಿದ ಹುಡುಗಿಯ ಕುಲದವರು ಅವನನ್ನು ಒಲ್ಲೆನ್ನುತ್ತಾರೆ. ಇದಕ್ಕೂ ಮೊದಲು, ೧೯೨೨ರಲ್ಲಿ ಬಂದ ಮಾರಾ ರುಸ್ಲಿಯವರ 'ಸಿತಿ ನುರ್ಬಾಯಾ' ಕೂಡ ಮಿನಾಂಗ್‌ಕಬಾವು ಪದ್ಧತಿಯನ್ನು ಪ್ರಶ್ನಿಸುವ ಕೃತಿಯೇ.

ಈ ಕೃತಿಗಳನ್ನು ಸಮಾಜದ ನೇರ ಸಾಕ್ಷ್ಯವೆಂದು ಓದುವ ಅಭ್ಯಾಸದಲ್ಲಿ ತೊಡಕಿದೆ. ಅವನ್ನು ಬರೆದವರು ದಾರಿಯಲ್ಲಿದ್ದ ಗಂಡಸರು. ಮನೆಯಲ್ಲಿ ಉಳಿದು ಗದ್ದೆ ನಡೆಸಿದ ಹೆಂಗಸರ ದೃಷ್ಟಿ ಆ ಕಾದಂಬರಿಗಳ ಕೇಂದ್ರಕ್ಕೆ ಬರುವುದಿಲ್ಲ. ಮೌಖಿಕ ಪರಂಪರೆಯತ್ತ ತಿರುಗಿದರೆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. 'ಚಿಂದುವಾ ಮಾತೊ' ಕಥನದಲ್ಲಿ ರಾಜ್ಯದ ನೀತಿಯನ್ನು ನುಡಿಯುವವಳು ಬುಂದೊ ಕಂದುವಾಂಗ್ ಎಂಬ ತಾಯಿ-ರಾಣಿ. ಪಡಾಂಗ್ ಸಮುದ್ರತೀರದ ಬಂಡೆಯೊಂದನ್ನು ತೋರಿಸಿ ಹೇಳುವ ಮಾಲಿನ್ ಕುಂದಾಂಗ್‌ನ ಕಥೆಯಲ್ಲಿ ಪರದೇಶಕ್ಕೆ ಹೋಗಿ ಸಿರಿವಂತನಾಗಿ ಹಡಗಿನಲ್ಲಿ ಮರಳಿದ ಮಗ ಬಡ ತಾಯಿಯನ್ನು ತನ್ನವಳಲ್ಲವೆನ್ನುತ್ತಾನೆ, ಶಾಪದಿಂದ ಕಲ್ಲಾಗುತ್ತಾನೆ. ಸಾಮಾನ್ಯವಾಗಿ ಇದನ್ನು ಮಾತೃಭಕ್ತಿಯ ನೀತಿಕಥೆಯಾಗಿ ಶಾಲೆಗಳಲ್ಲಿ ಹೇಳುತ್ತಾರೆ. ಆಸ್ತಿ ವ್ಯವಸ್ಥೆಯ ಬೆಳಕಿನಲ್ಲಿ ಓದಿದರೆ ಬೇರೆ ಅರ್ಥ ಹೊಳೆಯುತ್ತದೆ. ಮಗನ ಅಪರಾಧ ಊರು ಬಿಟ್ಟದ್ದಲ್ಲ, ಶ್ರೀಮಂತನಾದದ್ದೂ ಅಲ್ಲ. ತಾಯಿಯನ್ನು ಅಲ್ಲಗಳೆದಾಗ ಅವನು ತನ್ನ ಸುಕುವನ್ನು, ಮರಳುವ ಹಕ್ಕನ್ನು, ಕಳಿಸಬೇಕಾದ ಋಣವನ್ನು ಒಟ್ಟಿಗೆ ಅಲ್ಲಗಳೆದ. ಚಲಿಸುವುದಕ್ಕಾಗಿಯೇ ಬೆಳೆಸಿದವನಿಗೆ ವಿಧಿಸಿದ ಶಿಕ್ಷೆ ಕದಲಲಾಗದ ಕಲ್ಲಾಗುವುದು.

ಧರ್ಮ ಮತ್ತು ರೂಢಿಗಳ ನಡುವಣ ವಾದಕ್ಕೆ ೧೯೫೨ರಲ್ಲಿ ಬುಕಿತ್ತಿಂಗಿಯಲ್ಲಿ ಸೇರಿದ ಧರ್ಮಪಂಡಿತರ ಮತ್ತು ಕುಲನಾಯಕರ ಸಭೆ ಒಂದು ತೀರ್ಮಾನ ಕೊಟ್ಟಿತು: ಎತ್ತರದ ಆಸ್ತಿ ರೂಢಿಯಂತೆ ತಾಯಿಯ ಬಳ್ಳಿಯಲ್ಲಿ, ಸ್ವಯಾರ್ಜಿತವು ಇಸ್ಲಾಮಿನ ದಾಯನಿಯಮದಂತೆ ಮಕ್ಕಳಿಗೆ. ಕಾಗದದ ಮೇಲೆ ಇದು ಸಮರ್ಪಕವಾಗಿದೆ. ತೊಡಕು ಇರುವುದು ನಿತ್ಯದ ಬದುಕಿನಲ್ಲಿ. ದೊಡ್ಡ ಮನೆಗಳಿಂದ ಬೇರೆಯಾದ ದಂಪತಿಗಳು ಚಿಕ್ಕ ಇಟ್ಟಿಗೆ ಮನೆ ಕಟ್ಟುತ್ತಾರೆ. ಹಣ ಗಂಡನದು, ನಿವೇಶನ ಹೆಂಡತಿಯ ಕುಲದ್ದು. ಕೂಡಿಕೆ ಮುರಿದರೆ ಮನೆಯಿಂದ ಹೊರಡುವವನು ಗಂಡ. ಈ ಸ್ಥಿತಿಯನ್ನು ಹೆಣ್ಣಿನ ಯಜಮಾನಿಕೆ ಎಂದು ಕೊಂಡಾಡುವುದೂ ಗಂಡಿನ ದೈನ್ಯವೆಂದು ಮರುಗುವುದೂ ಅವಸರದ ಮಾತುಗಳು. ಕುಲಸಭೆಯಲ್ಲಿ ಪದವಿ ಹೊತ್ತು ಮಾತಾಡುವವನು ಇಂದಿಗೂ ಗಂಡಸೇ. ಆದರೆ ಎವೆಲಿನ್ ಬ್ಲಾಕ್‌ವುಡ್ (೨೦೦೦) ಮತ್ತು ಪೆಗ್ಗಿ ಸ್ಯಾಂಡೆ (೨೦೦೨) ಅವರ ಹಳ್ಳಿ ಅಧ್ಯಯನಗಳು ತೋರಿಸುವಂತೆ, ಹಿರಿಯ ಹೆಂಗಸರ ಮಾತನ್ನು ಮೀರಿ ಕುಲದ ವ್ಯವಹಾರ ನಡೆಯುವುದು ಸುಲಭವಲ್ಲ.

ರಾಷ್ಟ್ರಪ್ರಭುತ್ವದ ನಡೆಗಳೂ ಇದನ್ನು ಅಲುಗಿಸಿವೆ. ೧೯೭೯ರ ಗ್ರಾಮಾಡಳಿತ ಕಾಯಿದೆಯ ಅನ್ವಯ ನಗರಿಗಳನ್ನು ಒಡೆದು ಜಾವಾ ಮಾದರಿಯ 'ದೇಸ'ಗಳನ್ನಾಗಿ ಮಾಡಲಾಯಿತು. ಪ್ರಾಂತದ ೨೦೦೦ದ ಕಟ್ಟಳೆ ನಗರಿಯನ್ನು ಮರಳಿ ತಂದಿತು. ೧೯೬೦ರ ಮೂಲ ಭೂಕಾಯಿದೆ ರೂಢಿಯ ಹಕ್ಕನ್ನು ಷರತ್ತಿನೊಡನೆ ಒಪ್ಪಿದ್ದರೂ ನೋಂದಣಿಪತ್ರದಲ್ಲಿ ಒಂದು ಹೆಸರು ಬೇಕು. ಸಮಸ್ತ ಕುಲದ ಪರವಾಗಿ ಮಾಮಾಕ್‌ನ ಹೆಸರು ಬರೆಸಿದಲ್ಲಿ, ಉಸ್ತುವಾರಿಯವನು ಮುಂದೆ ಒಡೆಯನೆಂದು ಸಾಧಿಸಿಕೊಳ್ಳಲು ಎಡೆಯಾಗುತ್ತದೆ. ಉಳುವ ಹೆಣ್ಣಿನ ಹೆಸರು ಕಾಗದದಲ್ಲಿಲ್ಲ ಎಂಬುದು ಕರಾವಳಿಯ ಗೇಣಿ ವ್ಯವಹಾರಗಳನ್ನು ಓದಿದವರಿಗೂ ಪರಿಚಿತವಾದ ಸಂಗತಿಯೇ.

ಸೊಲೊಕ್ ಜಿಲ್ಲೆಯ ಬೆಟ್ಟದ ನಗರಿ ಸುಲಿತ್ ಆಯೆರ್ ಈ ಎಲ್ಲವನ್ನೂ ಒಂದೆಡೆ ನೋಡಲು ತಕ್ಕ ಊರು. ಹೆಸರಿಗೇ ನೀರಿನ ಕಷ್ಟ ಎಂದರ್ಥ. ಇಪ್ಪತ್ತು ಅಂಕಣಗಳ ದೊಡ್ಡ ಮನೆ ಅಲ್ಲಿದೆ. ಊರವರಲ್ಲಿ ಬಹುಸಂಖ್ಯಾತರು ಹೊರಗಿದ್ದಾರೆ. ಹೊರಗಿರುವವರು ಕಟ್ಟಿಕೊಂಡ ಸಂಘ ದೇಶದ ಅನೇಕ ನಗರಗಳಲ್ಲಿ ಶಾಖೆಗಳನ್ನು ಹೊಂದಿದ್ದು, ರಂಜಾನ್ ಮುಗಿದ ಹಬ್ಬಕ್ಕೆ ಒಟ್ಟಾಗಿ ಊರಿಗೆ ಬರುವ 'ಪುಲಾಂಗ್ ಬಸಾಮೊ' ಪದ್ಧತಿಗೆ ಹೆಸರಾಗಿದೆ. ಬಂದವರು ಮಸೀದಿಗೆ, ಶಾಲೆಗೆ, ರಸ್ತೆಗೆ ಹಣ ಕೂಡಿಸುತ್ತಾರೆ; ಮದುವೆಯ ಮಾತುಕತೆಗಳೂ ಕುಲದ ವ್ಯಾಜ್ಯಗಳೂ ಆ ಕೆಲವು ದಿನಗಳಲ್ಲಿಯೇ ಇತ್ಯರ್ಥವಾಗಬೇಕು. ಈಚಿನ ದಶಕಗಳಲ್ಲಿ ಮಿನಾಂಗ್‌ಕಬಾವು ಹೆಣ್ಣುಮಕ್ಕಳೂ ಓದಿಗೆ, ಉದ್ಯೋಗಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೊರಟಿದ್ದಾರೆ. ಗಂಡು ಹೋದಾಗ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಮಗಳೂ ಹೋದ ಮನೆಗಳಲ್ಲಿ ಹಿರಿಯಳೊಬ್ಬಳೇ ಉಳಿಯುತ್ತಾಳೆ, ಅವಳ ನಂತರ ಬೀಗ ಬೀಳುತ್ತದೆ. ಗದ್ದೆಯನ್ನು ಬಂಧುಗಳಿಗೆ ಪಾಲಿಗೆ ಕೊಡುತ್ತಾರೆ. ಆ ಗದ್ದೆಯನ್ನು ಅಡವಿಡಬೇಕಾದರೆ ಇಂದಿಗೂ ಕುಲದ ಪ್ರಾಪ್ತವಯಸ್ಕರೆಲ್ಲರ ಒಪ್ಪಿಗೆ ಬೇಕು. ಅವರಲ್ಲಿ ಒಬ್ಬಳು ಜಕಾರ್ತಾದಲ್ಲಿ, ಇನ್ನೊಬ್ಬಳು ಪೆಕನ್‌ಬಾರುವಿನಲ್ಲಿ, ಅವರ ತಮ್ಮ ಮಲೇಷ್ಯಾದಲ್ಲಿದ್ದರೆ, ಮಾಡು ಸೋರುತ್ತಿದ್ದರೂ ತೀರ್ಮಾನ ಮುಂದಿನ ಹಬ್ಬದವರೆಗೆ ಕಾಯಬೇಕಾಗುತ್ತದೆ.