ಕಡಲೂರಿನಲ್ಲಿ ನಡಿಗೆ, ಸೈಕಲ್, ಊಟ: ಮೊದಲು ಯಾವುದು?

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಒಂಟಿಕೊಪ್ಪಲಿನ ಅನೇಕ ಮನೆಗಳಲ್ಲಿ ಮಂಗಳೂರಿನ ಮಾತು ಶುರುವಾಗುತ್ತದೆ. ಉಳ್ಳಾಲದ ದರ್ಗಾ, ಪಣಂಬೂರಿನ ಕಡಲು, ಹಂಪನಕಟ್ಟೆಯ ಅಂಗಡಿಗಳು, ರಾತ್ರಿ ಹೋಟೆಲಿನಲ್ಲಿ ಮೀನೂಟ. ಖಂಡಿತ ಹೋಗಿ ಬನ್ನಿ. ಆದರೆ ಹಾಗೆ ಹೋಗಿ ಬಂದವರಲ್ಲಿ ಕೆಲವರು ಮರುವಾರವೇ ದವಾಖಾನೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಒಬ್ಬರಿಗೆ ಸಕ್ಕರೆ ಏರಿದೆ, ಒಬ್ಬರಿಗೆ ಹೊಟ್ಟೆ ಕೆಟ್ಟಿದೆ, ಇನ್ನೊಬ್ಬರ ಪಾದದಲ್ಲಿ ಬೊಬ್ಬೆ ಎದ್ದಿದೆ. ಇವರು ಅಲ್ಲಿ ಮಾಡಿದ್ದು ನಡಿಗೆ, ಸೈಕಲ್ ಸವಾರಿ, ಊಟ ಇಷ್ಟೇ. ತಪ್ಪಿದ್ದು ಹೆಚ್ಚಾಗಿ ಅವುಗಳ ಕ್ರಮ ಮತ್ತು ಹೊತ್ತು.

ಯುನಾನಿ ವೈದ್ಯದಲ್ಲಿ ಆರೋಗ್ಯ ಕಾಯುವ ಆರು ಅಗತ್ಯ ಸಂಗತಿಗಳಿವೆ. ಇವುಗಳಿಗೆ ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಒಳಗೇ ಉಳಿಯಬೇಕಾದದ್ದು. ಪ್ರವಾಸಕ್ಕೆ ಹೊರಟರೆ ಈ ಆರೂ ಒಂದೇ ದಿನ ಬದಲಾಗುತ್ತವೆ. ಇಬ್ನ್ ಸೀನಾ (980-1037) ವ್ಯಾಯಾಮದ ಬಗ್ಗೆ ಹೇಳಿದ ಮುಖ್ಯ ನಿಯಮ ಸರಳವಾದದ್ದು: ಹಿಂದಿನ ಊಟ ಜೀರ್ಣವಾದ ಮೇಲೆ ಮೈ ದಣಿಸಬೇಕು, ತುಂಬಿದ ಹೊಟ್ಟೆಯಲ್ಲಿ ದಣಿಸಬಾರದು, ಉಂಡ ಮೇಲೆ ಮೆಲ್ಲಗೆ ಓಡಾಡಬಹುದು. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ ಎಂದು ಇಂದಿನ ವೈದ್ಯರೂ ಹೇಳುತ್ತಾರೆ.

ಈಗ ನಮ್ಮ ರಜೆಯ ದಿನ ನೋಡಿ. ಸಂಜೆಯೆಲ್ಲ ಕಡಲ ದಂಡೆಯಲ್ಲಿ ಕೂತು ಚುರುಮುರಿ, ಐಸ್‌ಕ್ರೀಂ. ರಾತ್ರಿ ಹತ್ತೂವರೆಗೆ ಭರ್ಜರಿ ಊಟ. ಅಲ್ಲಿಂದ ಆಟೋ ಹತ್ತಿ ನೇರ ಲಾಡ್ಜಿನ ಹಾಸಿಗೆಗೆ. ಇದನ್ನು ತಿರುಗಿಸುವುದು ಕಷ್ಟವಲ್ಲ, ನಮಾಝಿನ ಹೊತ್ತುಗಳೇ ಸಹಾಯಕ್ಕಿವೆ. ಫಜ್ರ್ ಮುಗಿಸಿ ಬಿರುಸಿನ ನಡಿಗೆ ಅಥವಾ ಸೈಕಲ್, ಸ್ವಲ್ಪ ಸುಧಾರಿಸಿಕೊಂಡು ನಾಷ್ಟಾ. ಅಸರ್‌ನಿಂದ ಮಗ್ರಿಬ್‌ವರೆಗೆ ಕಡಲ ದಂಡೆ. ಮಗ್ರಿಬ್ ಆದ ಕೂಡಲೇ ಊಟ, ಇಶಾಗೆ ಮಸೀದಿಗೆ ನಡೆದೇ ಹೋಗಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಬುರುಜನ್ನು ಮಕ್ಕಳಿಗೂ ತೋರಿಸಿದಂತಾಗುತ್ತದೆ. ಹೆಣ್ಣುಮಕ್ಕಳಿಗೆ ಒಂದು ಮಾತು: ಚಾಪೆಯ ಮೇಲೆ ಕೂತು ಎಲ್ಲರ ಚಪ್ಪಲಿ, ಬ್ಯಾಗು ಕಾಯುವುದೇ ನಿಮ್ಮ ಪ್ರವಾಸವಾಗಬಾರದು. ಗಂಡಸರು ಅರ್ಧ ಗಂಟೆ ಕಾಯಲಿ, ನೀವು ನಡೆಯಿರಿ.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ನಮ್ಮ ಗಾಳಿ ಒಣ. ಚೆಲುವಾಂಬ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೂ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ, ಹಾಗಾಗಿ ಮೈಯ ಬಿಸಿ ಒಳಗೇ ಉಳಿಯುತ್ತದೆ. ಮೊದಲ ಎರಡು ದಿನ ಇಲ್ಲಿನ ಅರ್ಧ ವೇಗ ಸಾಕು. ಸಡಿಲವಾದ ಹತ್ತಿ ಬಟ್ಟೆ ಹಾಕಿ, ಬಾಯಾರುವ ಮೊದಲೇ ನೀರು ಕುಡಿಯಿರಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ನೀರಿನ ಅಳತೆಯನ್ನು ತಮ್ಮ ವೈದ್ಯರಲ್ಲಿ ಕೇಳಿಕೊಂಡೇ ಹೊರಡಬೇಕು.

ಸೈಕಲ್ಲಿಗೂ ಇದೇ ಮಾತು. ನಮ್ಮಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಂದಾಗ ಸೈಕಲ್ ಮರೆತಿದ್ದ ಎಷ್ಟೋ ಜನ ಮತ್ತೆ ಪೆಡಲ್ ತುಳಿದರು. ಮಂಗಳೂರಿನ ಒಳಬೀದಿಗಳಲ್ಲಿ ಏರು ಇಳಿತ ಹೆಚ್ಚು. ದಂಡೆಯ ಕಡೆಯ ಸಮತಟ್ಟಾದ ದಾರಿಯನ್ನೇ ಆರಿಸಿಕೊಳ್ಳಿ, ಅದೂ ಬೆಳಗ್ಗೆ. ಪಕ್ಕದವರೊಡನೆ ಮಾತಾಡುತ್ತ ತುಳಿಯಲು ಆಗುತ್ತಿದ್ದರೆ ವೇಗ ಸರಿಯಿದೆ.

ಸಕ್ಕರೆ ಕಾಯಿಲೆಯವರು ಹಳೆಯ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಇವರು 10 ಕೋಟಿಗೂ ಹೆಚ್ಚು, ಅಂದರೆ ನಿಮ್ಮ ಗುಂಪಿನಲ್ಲೂ ಒಬ್ಬರಾದರೂ ಇರಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಸೈಕಲ್ ತುಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಏನಾದರೂ ತಿಂದು ಹೊರಡಿ, ಜೇಬಿನಲ್ಲಿ ಸಕ್ಕರೆ ಇರಲಿ. ಕೈ ನಡುಗಿ, ತಣ್ಣನೆ ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಇವರು ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶ ಕುಗ್ಗಿರುವವರಿಗೆ ಕಾದ ಮರಳು ಸುಡುವುದು ತಿಳಿಯುವುದಿಲ್ಲ, ಚಿಪ್ಪು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಮಲಗುವ ಮೊದಲು ಯಾರಾದರೂ ಅವರ ಅಂಗಾಲು ನೋಡಲಿ. ಅಬ್ಬಾ, ಅಮ್ಮಿಯ ಪಾದ ನೋಡುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ, ಖುಷಿಯಿಂದ ಮಾಡುತ್ತಾರೆ.

ಇನ್ನು ಹೊರಗಿನ ಊಟ. ಕಾವಲಿಯಿಂದ ಆಗಷ್ಟೇ ಇಳಿದ ನೀರುದೋಸೆ, ಪತ್ತಿರಿ ಹೊಟ್ಟೆಗೆ ಹಗುರ. ಕೋರಿ ರೊಟ್ಟಿಯ ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಳ್ಳಬಹುದು. ಬಂಗುಡೆ, ಬೂತಾಯಿ ಅಗ್ಗದ ಮೀನುಗಳೆಂದು ಮೂಗು ಮುರಿಯಬೇಡಿ, ಅವುಗಳ ಕೊಬ್ಬು ಹೃದಯಕ್ಕೆ ಒಳ್ಳೆಯದು. ಆದರೆ ತಾಜಾ ಇರಬೇಕು. ಸರಿಯಾಗಿ ಐಸ್‌ನಲ್ಲಿಡದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ಮೈ ತುರಿಸಿ ತಲೆ ಸಿಡಿಯುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಇನ್ನೂ ಎಚ್ಚರ ಬೇಕು. ಮೀನು ತಿಂದ ಮೇಲೆ ಗಡ್‌ಬಡ್ ಐಸ್‌ಕ್ರೀಂ ತಿನ್ನಬಹುದೇ ಎಂದು ತುಂಬ ಜನ ಕೇಳುತ್ತಾರೆ. ಮೀನು, ಹಾಲು ಒಟ್ಟಿಗೆ ಬೇಡ ಎಂದು ನಮ್ಮ ಹಳೆಯ ಹಕೀಮರು ಹೇಳಿದ್ದು ನಿಜ. ಆದರೆ ಅದರಿಂದ ತೊನ್ನು ಬರುತ್ತದೆಂಬುದಕ್ಕೆ ಪುರಾವೆಯಿಲ್ಲ, ಮಕ್ಕಳನ್ನು ಹೆದರಿಸಬೇಡಿ. ಹೊಟ್ಟೆಯ ಮೂರನೇ ಒಂದು ಪಾಲನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನೆನಪಿದ್ದರೆ ಒಂದು ಗಡ್‌ಬಡ್‌ಗೆ ನಾಲ್ಕು ಚಮಚ ಸಾಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಕಡಿಮೆ ನೀರು ಹಾಕಬೇಡಿ.

ಕೊನೆಯ ವಿಷಯ ಎಲ್ಲಕ್ಕಿಂತ ಗಂಭೀರ. ರಾತ್ರಿ ಹೊಟ್ಟೆ ತುಂಬ ಉಂಡ ಮೇಲೆ ಎದೆ ಬಿಗಿದರೆ ಎಲ್ಲರೂ ‘ಗ್ಯಾಸ್’ ಎನ್ನುತ್ತಾರೆ. ಕೆಲವರು ಮಂಗಳೂರಿನಿಂದಲೇ ಫೋನ್ ಮಾಡಿ, “ಹಕೀಮ್ ಸಾಬ್, ಜವಾರಿಶ್ ಕಮೂನಿ ಎಷ್ಟು ಚಮಚ?” ಎಂದು ಕೇಳುತ್ತಾರೆ. ಬಿಗಿತದ ಜೊತೆ ಬೆವರು, ಏದುಸಿರು, ದವಡೆಗೋ ಎಡಗೈಗೋ ಹರಿಯುವ ನೋವು ಇದ್ದರೆ ನನ್ನನ್ನು ಕೇಳಬೇಡಿ, ಜವಾರಿಶ್ ಹುಡುಕಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಅದು ಗ್ಯಾಸೇ ಎಂದು ಖಾತ್ರಿಯಾದ ಮೇಲೆ ಜವಾರಿಶ್ ಮಾತಾಡೋಣ.